ಏಳು ಮಂದಿ, ಇಪ್ಪತ್ತೇಳು ನಕ್ಷತ್ರ



ಮೊದಲಿಗೆ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಒಂದು ಮನೆ. ಅಜ್ಜ, ಅಜ್ಜಿ, ಮಗ, ಸೊಸೆ, ಮೂವರು ಮೊಮ್ಮಕ್ಕಳು, ಒಟ್ಟು ಏಳು ಮಂದಿ. ಜಾತಕದ ಪ್ರಕಾರ ಜನ್ಮನಕ್ಷತ್ರಗಳು ಇಪ್ಪತ್ತೇಳು. ಈ ಏಳು ಮಂದಿಯಲ್ಲಿ ಯಾರಾದರೂ ಇಬ್ಬರ ನಕ್ಷತ್ರ ಒಂದೇ ಆಗಿರುವ ಸಂಭವ ಎಷ್ಟು? ಇಂಥ ನೂರು ಮನೆಗಳ ಜಾತಕ ತೆಗೆದು ನೋಡಿದರೆ ಎಷ್ಟು ಮನೆಗಳಲ್ಲಿ ಅಂಥ ಜೋಡಿ ಸಿಕ್ಕೀತು? ಬಾಯಿಬಿಟ್ಟು ಹೇಳುವುದು ಬೇಡ. ಮನಸ್ಸಿನಲ್ಲೇ ಒಂದು ಅಂಕಿ ಹಿಡಿದುಕೊಳ್ಳಿ.

ಇಪ್ಪತ್ತೇಳರಲ್ಲಿ ಏಳು ಅಂದರೆ ಹೆಚ್ಚುಕಡಿಮೆ ಕಾಲು ಭಾಗ, ಹಾಗಾಗಿ ಇಪ್ಪತ್ತೈದು ಮನೆ ಇದ್ದೀತು ಎಂದು ಹಿಡಿದಿದ್ದರೆ ನಿಮ್ಮನ್ನು ಯಾರೂ ದಡ್ಡರು ಅನ್ನುವುದಿಲ್ಲ. ಆದರೆ ಉತ್ತರ ಐವತ್ತೇಳು. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಜೋಡಿ ಇರುತ್ತದೆ. ಇಲ್ಲದ ಮನೆಗಳೇ ಕಡಿಮೆ.

ಇದು ಹೇಗೆಂದು ತೋರಿಸುತ್ತೇನೆ. ಕೂಡುವುದು, ಗುಣಿಸುವುದು, ಭಾಗಿಸುವುದು ಬಿಟ್ಟು ಬೇರೇನೂ ಬೇಕಾಗುವುದಿಲ್ಲ. ಹೊಂದುವ ಜೋಡಿಯನ್ನು ಹುಡುಕುವುದಕ್ಕಿಂತ ಒಂದೂ ಹೊಂದದ ಮನೆಗಳನ್ನು ಎಣಿಸುವುದು ಸುಲಭ. ಏಳು ಮಂದಿಯನ್ನೂ ಜಗಲಿಯ ಮೇಲೆ ಸಾಲಾಗಿ ಕೂರಿಸಿ. ಅಜ್ಜನದು ಯಾವ ನಕ್ಷತ್ರವಾದರೂ ಆಗಲಿ. ಅಜ್ಜಿಯದು ಅದಲ್ಲದೆ ಬೇರೆ ಇರಬೇಕಾದರೆ ಇಪ್ಪತ್ತೇಳರಲ್ಲಿ ಇಪ್ಪತ್ತಾರು ಅವಕಾಶ. ಅಂದರೆ ನೂರು ಮನೆಗಳಲ್ಲಿ ತೊಂಬತ್ತಾರು ಉಳಿದವು. ಮಗನದು ಇಬ್ಬರಿಂದಲೂ ಬೇರೆ ಇರಬೇಕು: ಇಪ್ಪತ್ತೈದು ಅವಕಾಶ, ಉಳಿದ ಮನೆಗಳು ಎಂಬತ್ತೊಂಬತ್ತು. ಸೊಸೆಗೆ ಬರುವಾಗ ಎಪ್ಪತ್ತೊಂಬತ್ತು. ಮೊದಲ ಮೊಮ್ಮಗುವಿಗೆ ಅರವತ್ತೆಂಟು, ಎರಡನೆಯದಕ್ಕೆ ಐವತ್ತೈದು, ಮೂರನೆಯದಕ್ಕೆ ನಲವತ್ಮೂರು. ಒಬ್ಬೊಬ್ಬರು ಕೂರುವಾಗಲೂ ಸೋಸುವುದು ಸ್ವಲ್ಪವೇ, ಆದರೆ ಸೋಸಿ ಉಳಿದದ್ದನ್ನೇ ಮತ್ತೆ ಸೋಸುತ್ತ ಹೋಗುತ್ತೇವೆ. ಕೊನೆಗೆ ನಲವತ್ಮೂರು ಮನೆಗಳಲ್ಲಿ ಎಲ್ಲರದೂ ಬೇರೆ ಬೇರೆ ನಕ್ಷತ್ರ. ಮಿಕ್ಕ ಐವತ್ತೇಳರಲ್ಲಿ ಎಲ್ಲೋ ಒಂದು ಜೋಡಿ ಇದ್ದೇ ಇದೆ. ಚಂದ್ರ ಸುಮಾರು ದಿನಕ್ಕೊಂದು ನಕ್ಷತ್ರ ದಾಟುತ್ತಾನೆ, ಮಕ್ಕಳು ಎಲ್ಲ ದಿನವೂ ಹುಟ್ಟುತ್ತಾರೆ. ಹಾಗಾಗಿ ಯಾವ ನಕ್ಷತ್ರಕ್ಕೂ ವಿಶೇಷ ಪಾಲು ಇಲ್ಲವೆಂದು ಹಿಡಿದದ್ದರಲ್ಲಿ ದೊಡ್ಡ ತಪ್ಪಾಗುವುದಿಲ್ಲ.

ನಕ್ಷತ್ರ ನೋಡದ ಮನೆಗಳೂ ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅಂಥವರು ಹುಟ್ಟಿದ ತಿಂಗಳು ಹಿಡಿಯಲಿ. ಹನ್ನೆರಡು ತಿಂಗಳಿಗೆ ಐದೇ ಜನ ಸಾಕು, ನೂರರಲ್ಲಿ ಅರವತ್ತೆರಡು ಮನೆಗಳಲ್ಲಿ ಇಬ್ಬರು ಒಂದೇ ತಿಂಗಳಲ್ಲಿ ಹುಟ್ಟಿದವರು ಸಿಗುತ್ತಾರೆ.

ಲೆಕ್ಕ ಮುಗಿಯಿತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು, ನಮ್ಮ ಊಹೆ ಯಾಕೆ ಅಷ್ಟು ದೂರ ಹೋಗಿ ಬಿತ್ತು ಎಂಬುದು. ಅದು ಸುಮ್ಮನೆ ಎಲ್ಲೆಲ್ಲೋ ಬೀಳಲಿಲ್ಲ, ಒಂದು ಗೊತ್ತಾದ ಜಾಗದಲ್ಲೇ ಬಿತ್ತು. ಪ್ರಶ್ನೆ ಕೇಳಿದ ಕೂಡಲೇ ನಾವು ಮನಸ್ಸಿನೊಳಗೆ ಅದನ್ನು ಬದಲಾಯಿಸಿಕೊಂಡು ಬಿಡುತ್ತೇವೆ. ‘ಯಾರಾದರೂ ಇಬ್ಬರದು’ ಎಂದು ಕೇಳಿದ್ದನ್ನು ‘ನನ್ನ ನಕ್ಷತ್ರ ಇನ್ನೊಬ್ಬರಿಗೆ ಇದೆಯೇ’ ಎಂದು ಕೇಳಿಸಿಕೊಳ್ಳುತ್ತೇವೆ. ಆ ಎರಡನೆಯ ಪ್ರಶ್ನೆಗೆ ಉತ್ತರ ನೂರಕ್ಕೆ ಇಪ್ಪತ್ತು. ನೋಡಿ, ಬೇರೊಂದು ಪ್ರಶ್ನೆಗೆ ನಾವು ಹೆಚ್ಚುಕಡಿಮೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದೇವೆ! ನಾನು ಮತ್ತು ಉಳಿದ ಆರು ಮಂದಿ ಎಂದರೆ ಆರು ಜೋಡಿ. ಅಜ್ಜಿಗೂ ಸೊಸೆಗೂ, ಮೊಮ್ಮಗನಿಗೂ ಅಜ್ಜನಿಗೂ, ಮೊಮ್ಮಕ್ಕಳು ತಮ್ಮತಮ್ಮೊಳಗೂ ಆಗಬಹುದಾದ ಇನ್ನು ಹದಿನೈದು ಜೋಡಿಗಳು ಲೆಕ್ಕದ ಹೊರಗೇ ಉಳಿದವು. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಹದಿನೈದರ ವಿಚಾರ: ನಾವು ಎಣಿಕೆಯನ್ನು ನಮ್ಮಿಂದ ಶುರು ಮಾಡುತ್ತೇವೆ, ನಮ್ಮ ಕಣ್ಣಿಗೆ ಬೀಳದ್ದನ್ನು ಎಣಿಸುವುದೇ ಇಲ್ಲ.

ಜೋಡಿಗಳನ್ನು ಒಂದೊಂದಾಗಿ ಬೆರಳು ಮಡಿಸಿ ಎಣಿಸಬೇಕಾಗಿಲ್ಲ. ಅದಕ್ಕೊಂದು ಸೂತ್ರವಿದೆ, ಆ ಸೂತ್ರ ನಮ್ಮ ನಾಡಿನದೇ. ಮಳಖೇಡದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಎಂಬ ಜೈನ ಪಂಡಿತ ‘ಗಣಿತಸಾರಸಂಗ್ರಹ’ ಬರೆದ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ್ದೇ ಈ ಪುಸ್ತಕವೂ. ನಾವು ಅಲಂಕಾರದ ಪುಸ್ತಕವನ್ನು ನೆನಪಿಟ್ಟುಕೊಂಡೆವು, ಲೆಕ್ಕದ ಪುಸ್ತಕವನ್ನು ಮರೆತೆವು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದರು. 2000ರಲ್ಲಿ ಪದ್ಮಾವತಮ್ಮನವರು ಮಾಡಿದ ಕನ್ನಡ ಅನುವಾದ ಬಂತು. ಅದನ್ನು ಹೊರತಂದದ್ದು ಹೊಂಬುಜದ ಜೈನ ಮಠದ ಗ್ರಂಥಮಾಲೆ. ನರಸಿಂಹರಾಜಪುರದ ಸಿಂಹನಗದ್ದೆ ಬಸ್ತಿಗೆ ನಡೆದುಕೊಳ್ಳುವವರು ಇಲ್ಲಿದ್ದರೆ ಅವರಿಗೆ ಇದು ಮನೆಯ ಸುದ್ದಿಯೇ ಸರಿ.

ಮಹಾವೀರಾಚಾರ್ಯನ ಸೂತ್ರ ಹೀಗೆ: ಎಷ್ಟು ವಸ್ತುಗಳಿವೆಯೋ ಅಲ್ಲಿಂದ ಇಳಿಯುತ್ತ ಬರುವ ಸಂಖ್ಯೆಗಳನ್ನು ಗುಣಿಸು, ಒಂದರಿಂದ ಏರುತ್ತ ಹೋಗುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸು. ಏಳು ಮಂದಿಯ ಜೋಡಿಗಳು ಬೇಕೆಂದರೆ ಏಳು ಗುಣಿಸು ಆರು, ನಲವತ್ತೆರಡು. ಅದನ್ನು ಒಂದು ಗುಣಿಸು ಎರಡರಿಂದ ಭಾಗಿಸಿದರೆ ಇಪ್ಪತ್ತೊಂದು. ಅವನು ಕೊಡುವ ಉದಾಹರಣೆ ನೋಡಿದರೆ ಅಡುಗೆಮನೆಗೇ ಹೋಗಿ ಕೂತವನಂತೆ ಕಾಣುತ್ತಾನೆ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ, ಈ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು? ಬಿಡಿಬಿಡಿಯಾಗಿ ಆರು, ಎರಡೆರಡು ಕೂಡಿಸಿ ಹದಿನೈದು, ಹೀಗೆ ಆರೂ ಕೂಡುವವರೆಗೆ ಒಟ್ಟು ಅರವತ್ಮೂರು. ಯುರೋಪಿನಲ್ಲಿ ಇದೇ ಸೂತ್ರ ಎರಿಗೋನ್ ಎಂಬಾತನ ಪುಸ್ತಕದಲ್ಲಿ ಅಚ್ಚಾದದ್ದು 1634ರಲ್ಲಿ. ಆದರೆ ಸಂಭವವನ್ನು ಮಹಾವೀರಾಚಾರ್ಯ ಲೆಕ್ಕ ಹಾಕಿದ್ದನೆಂದು ಹೇಳಿ ಅವನ ತಲೆಗೆ ಇಲ್ಲದ ಕಿರೀಟ ಇಡುವುದು ಬೇಡ. ಅವನು ಮಾಡಿದ್ದು ಎಣಿಕೆ. ಆ ಎಣಿಕೆಯಿಲ್ಲದೆ ಸಂಭವದ ಲೆಕ್ಕ ಏಳುವುದಿಲ್ಲ.

ಈಗ ಮನೆಯ ಮಾತಿಗೆ ಬರುತ್ತೇನೆ. ಮಗು ಹುಟ್ಟಿದಾಗ ಅದರ ನಕ್ಷತ್ರ ತಂದೆಯದೋ ತಾಯಿಯದೋ ಅಣ್ಣ ಅಕ್ಕಂದಿರದೋ ಆಗಿದ್ದರೆ ಏಕನಕ್ಷತ್ರ ಜನನವೆಂದು ಶಾಂತಿ ಮಾಡಿಸುವ ಪದ್ಧತಿ ಇದೆ. ‘ನಮ್ಮ ಮನೆಗೇ ಹೀಗಾಗಬೇಕೆ’ ಎಂದು ಬಾಣಂತಿ ಕೋಣೆಯಲ್ಲಿ ಪೇಚಾಡುವವರನ್ನು ನೀವೂ ನೋಡಿರುತ್ತೀರಿ. ತಂದೆ, ತಾಯಿ, ಒಬ್ಬ ಅಣ್ಣ ಇರುವ ಮನೆಯಲ್ಲಿ ಹುಟ್ಟುವ ಮಗುವಿಗೆ ಆ ಮೂವರಲ್ಲಿ ಒಬ್ಬರ ನಕ್ಷತ್ರ ಬರುವ ಸಂಭವ ನೂರಕ್ಕೆ ಸುಮಾರು ಹನ್ನೊಂದು. ಅಂಥ ಮನೆಗಳಲ್ಲಿ ನೂರು ಹೆರಿಗೆ ಆದರೆ ಹನ್ನೊಂದು ಕಡೆ ಇದು ಆಗಿಯೇ ಆಗುತ್ತದೆ. ಅಜ್ಜ ಅಜ್ಜಿಯನ್ನೂ ಸೇರಿಸಿಕೊಂಡು ಏಳು ಮಂದಿಯ ಇಡೀ ಮನೆಯನ್ನು ನೋಡಿದರೆ, ಮೊದಲೇ ಹೇಳಿದೆನಲ್ಲ, ಆಗದೇ ಇರುವುದೇ ಕಡಿಮೆ. ಶಾಂತಿ ಮಾಡಿಸುವುದು ಬಿಡುವುದು ಮನೆಯವರಿಗೆ ಸೇರಿದ್ದು, ಅದರಲ್ಲಿ ನನ್ನ ಮಾತು ನಡೆಯಬೇಕಾಗಿಲ್ಲ. ಆದರೆ ಅಪರೂಪದ್ದು ನಮ್ಮ ಪಾಲಿಗೇ ಬಂತು ಎಂಬ ದಿಗಿಲಿಗೆ ಮಾತ್ರ ಲೆಕ್ಕದಲ್ಲಿ ಆಧಾರವಿಲ್ಲ.

ಹೊರದೇಶಗಳಲ್ಲಿ ಇದೇ ಒಗಟನ್ನು ಹುಟ್ಟುಹಬ್ಬದ ಲೆಕ್ಕವಾಗಿ ಹೇಳುತ್ತಾರೆ. ವರ್ಷಕ್ಕೆ 365 ದಿನ. ಒಂದು ಕೋಣೆಯಲ್ಲಿ ಎಷ್ಟು ಜನ ಸೇರಿದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಂಭವ ಅರ್ಧ ದಾಟುತ್ತದೆ? ಇಪ್ಪತ್ಮೂರು. ನಲವತ್ತು ಜನರಿದ್ದರೆ ನೂರಕ್ಕೆ ಎಂಬತ್ತೊಂಬತ್ತು, ಐವತ್ತು ಜನರಿದ್ದರೆ ತೊಂಬತ್ತೇಳು. ಮಹಾವೀರಾಚಾರ್ಯನ ಸೂತ್ರ ಹಾಕಿ ನೋಡಿ: ಇಪ್ಪತ್ಮೂರು ಗುಣಿಸು ಇಪ್ಪತ್ತೆರಡು ಭಾಗಿಸು ಎರಡು, ಇನ್ನೂರ ಐವತ್ಮೂರು ಜೋಡಿ. ಈಗ ಪ್ರಶ್ನೆಯನ್ನು ತಿರುಗಿಸಿ: ‘ನಾನು ಹುಟ್ಟಿದ ದಿನವೇ’ ಹುಟ್ಟಿದ ಒಬ್ಬರಾದರೂ ಸಿಗುವ ಸಂಭವ ಅರ್ಧ ದಾಟಬೇಕಾದರೆ ನನ್ನೆದುರು ಎಷ್ಟು ಜನ ಇರಬೇಕು? ಇನ್ನೂರ ಐವತ್ಮೂರು. ಅದೇ ಸಂಖ್ಯೆ. ಎರಡು ಕಡೆಯಲ್ಲೂ ಬೇಕಾದದ್ದು ಅಷ್ಟೇ ಜೋಡಿಗಳು. ಎಲ್ಲರೊಡನೆ ಎಲ್ಲರನ್ನೂ ಕೂಡಿಸಿದರೆ ಇಪ್ಪತ್ಮೂರು ಜನರಲ್ಲೇ ಅಷ್ಟು ಸಿಗುತ್ತವೆ. ನನ್ನೊಬ್ಬನೊಡನೆ ಮಾತ್ರ ಕೂಡಿಸಿದರೆ ಇಡೀ ಊರೇ ಬೇಕಾಗುತ್ತದೆ.

ಆದರೆ ಈ ಹುಟ್ಟುಹಬ್ಬದ ಲೆಕ್ಕವನ್ನು ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರಿನ ಮೇಲೆ ಪರೀಕ್ಷೆ ಮಾಡಲು ಹೋಗಬೇಡಿ. ಇಲ್ಲಿರುವ ಹಿರಿಯರಲ್ಲಿ ಎಷ್ಟು ಜನರಿಗೆ ಜೂನ್ ಒಂದನೇ ತಾರೀಖು ಹುಟ್ಟಿದ ದಿನ? ‘ಆರಿದ್ರಾ ಮಳೆ ಹೊಡೀತಾ ಇತ್ತು’, ‘ಭದ್ರಾ ಡ್ಯಾಂ ಕಟ್ತಾ ಇದ್ದಾಗ’ ಎಂದು ಅಪ್ಪ ಹೇಳಿದ್ದನ್ನು ಕೇಳಿಕೊಂಡು, ಒಂದನೇ ಕ್ಲಾಸಿಗೆ ವಯಸ್ಸು ಕೂಡಿಬರುವ ಹಾಗೆ ಮೇಷ್ಟ್ರು ಒಂದು ತಾರೀಖು ಬರೆದುಕೊಂಡರು. ಮೇ, ಜೂನ್ ತಿಂಗಳುಗಳಲ್ಲಿ ಅಷ್ಟೊಂದು ಸರ್ಕಾರಿ ನೌಕರರು ಒಟ್ಟಿಗೆ ನಿವೃತ್ತರಾಗುವುದಕ್ಕೆ ಮೇಷ್ಟರ ಈ ಕೃಪೆಯ ಪಾಲೂ ಇದೆ. ಹುಟ್ಟಿದ ದಿನಗಳು ವರ್ಷದುದ್ದಕ್ಕೂ ಸಮನಾಗಿ ಹರಡದೆ ಹೀಗೆ ಒಂದೆಡೆ ಗುಂಪುಗೂಡಿದಷ್ಟೂ ಜೋಡಿ ಸಿಗುವ ಸಂಭವ ಏರುತ್ತದೆ. ನಮ್ಮ ರಿಜಿಸ್ಟರಿನಲ್ಲಾದರೆ ಇಪ್ಪತ್ಮೂರು ಜನ ಎಲ್ಲಿಗೆ, ಹತ್ತು ಜನರಲ್ಲೇ ಜೋಡಿ ಸಿಕ್ಕಿದರೆ ನಾನು ಬೆರಗಾಗುವುದಿಲ್ಲ.

ಮಹಾವೀರಾಚಾರ್ಯನ ಪುಸ್ತಕದ ಇನ್ನೊಂದು ಲೆಕ್ಕ ಹೇಳದೆ ಮುಂದೆ ಹೋದರೆ ಮನಸ್ಸಿಗೆ ಸಮಾಧಾನವಿಲ್ಲ. ಕೋಳಿ ಅಂಕದ ಲೆಕ್ಕ ಅದು. ಈಗ ಅಂಕಕ್ಕೆ ಪೊಲೀಸರ ಕಾಟವಿದೆ. ಒಂಬತ್ತನೆಯ ಶತಮಾನದಲ್ಲಿ ಇದ್ದಂತೆ ಕಾಣುವುದಿಲ್ಲ. ಮಂತ್ರ, ಔಷಧ ಬಲ್ಲ ಒಬ್ಬ ಮಹಾಶಯ ಹುಂಜಗಳ ಕಾಳಗ ನಡೆಯುವಲ್ಲಿಗೆ ಬರುತ್ತಾನೆ. ಹುಂಜದ ಒಡೆಯನೊಬ್ಬನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳುತ್ತಾನೆ: ನಿನ್ನ ಹುಂಜ ಗೆದ್ದರೆ ನೀನು ಕಟ್ಟಿದ ಪಣದಷ್ಟು ಹಣ ನನಗೆ ಕೊಡು, ಸೋತರೆ ಆ ಪಣದ ಮೂರರಲ್ಲಿ ಎರಡು ಪಾಲು ನಾನೇ ನಿನಗೆ ಕೊಡುತ್ತೇನೆ. ಇನ್ನೊಬ್ಬ ಒಡೆಯನ ಬಳಿಗೂ ಹೋಗುತ್ತಾನೆ. ಅದೇ ಮಾತು, ಆದರೆ ಸೋತರೆ ಮುಕ್ಕಾಲು ಪಾಲು. ಯಾರು ಗೆದ್ದರೂ ಅವನಿಗೆ ಹನ್ನೆರಡು ಹೊನ್ನು ಲಾಭ. ಹಾಗಾದರೆ ಇಬ್ಬರೂ ಕಟ್ಟಿದ ಪಣವೆಷ್ಟು?

ಉತ್ತರ: ಮೊದಲನೆಯವನದು ನಲವತ್ತೆರಡು, ಎರಡನೆಯವನದು ನಲವತ್ತು. ತಾಳೆ ನೋಡಿ. ಮೊದಲನೆಯ ಹುಂಜ ಗೆದ್ದರೆ ನಲವತ್ತೆರಡು ಬಂತು, ಸೋತವನಿಗೆ ನಲವತ್ತರ ಮುಕ್ಕಾಲು ಅಂದರೆ ಮೂವತ್ತು ಹೋಯಿತು, ಉಳಿದದ್ದು ಹನ್ನೆರಡು. ಎರಡನೆಯದು ಗೆದ್ದರೆ ನಲವತ್ತು ಬಂತು, ಇಪ್ಪತ್ತೆಂಟು ಹೋಯಿತು, ಉಳಿದದ್ದು ಮತ್ತೆ ಹನ್ನೆರಡು. ಈ ಲೆಕ್ಕದ ಸೊಗಸು ನೋಡಿ: ಯಾವ ಹುಂಜ ಗೆಲ್ಲುತ್ತದೆ ಎಂಬುದು ಆ ಮಹಾಶಯನಿಗೆ ಗೊತ್ತೇ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಒಡೆಯರಿಬ್ಬರೂ ತಮ್ಮತಮ್ಮ ಹುಂಜವನ್ನಷ್ಟೇ ನೋಡುತ್ತಿದ್ದಾರೆ. ಗೆದ್ದರೆ ಕೊಡುವುದು ಭಾರವಲ್ಲ, ಸೋತರೆ ಬಹುಪಾಲು ಹಣ ವಾಪಸು; ಬಿಡಿಯಾಗಿ ನೋಡಿದರೆ ಇಬ್ಬರಿಗೂ ಒಳ್ಳೆಯ ಮಾತೇ. ಇಬ್ಬರನ್ನೂ ಕೂಡಿಸಿ ಎಣಿಸಿದವನು ಇವನೊಬ್ಬ. ಮಂತ್ರವಿದ್ದರೆ ಅದು ಅಷ್ಟೇ. ಮಹಾವೀರಾಚಾರ್ಯ ಇದನ್ನು ಬರೆಯುವಾಗ ಮುಗುಳ್ನಕ್ಕಿರಬೇಕು ಎಂದು ನನಗೆ ಅನ್ನಿಸುತ್ತದೆ. (ಮಕ್ಕಳಿಗೆ: ಸೋತವನಿಗೆ ಪೂರ್ತಿ ಪಣ ಕೊಡುತ್ತೇನೆಂದು ಇಬ್ಬರಿಗೂ ಹೇಳಿದ್ದರೆ, ಯಾರು ಗೆದ್ದರೂ ಒಂದೇ ಲಾಭ ಎಂಬಂತೆ ಅವನಿಗೆ ಎಷ್ಟು ಸಿಗುತ್ತಿತ್ತು? ಮನೆಗೆ ಹೋಗಿ ಮಾಡಿ.)

ಐಪಿಎಲ್ ಬೆಟ್ಟಿಂಗ್ ಹಿಡಿಸುವವನ ಕಸುಬು ಇದೇ ಮಹಾಶಯನದು. ಯಾವ ತಂಡ ಗೆಲ್ಲುತ್ತದೆಂಬ ಚಿಂತೆ ಅವನಿಗಿಲ್ಲ. ಎರಡು ಕಡೆಯ ಹಣವನ್ನೂ ತೂಗಿ ನಿಲ್ಲಿಸುವುದಷ್ಟೇ ಅವನ ಕೆಲಸ. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ ಕಾಯ್ದೆ ತಂದು ನಿಷೇಧಿಸಿತು. ನಮ್ಮ ಹುಡುಗರು ಮೊಬೈಲಿನಲ್ಲಿ ಕಳೆದುಕೊಂಡ ಹಣ ಅದರಿಂದ ವಾಪಸೇನೂ ಬರಲಿಲ್ಲ. ಅಂದರ್-ಬಾಹರ್ ಕೂಡ ಸಮಸಮ ಎಂದು ನಂಬಿದವರು ಬಹಳ. ಒಂದು ಎಲೆ ತೆರೆದಿಟ್ಟು, ಅದರ ಜೊತೆಯದು ಬೀಳುವವರೆಗೆ ಎರಡು ಕಡೆಗೂ ಒಂದೊಂದೇ ಎಲೆ ಹಾಕುತ್ತ ಹೋಗುವುದು ತಾನೆ, ಇದರಲ್ಲಿ ಹೆಚ್ಚು ಕಡಿಮೆ ಎಲ್ಲಿಂದ ಬಂತು? ಮೊದಲ ಎಲೆ ಬೀಳುವ ಕಡೆಗೆ ಗೆಲುವು ನೂರಕ್ಕೆ ಐವತ್ತೊಂದೂವರೆ. ಮಹಾವೀರಾಚಾರ್ಯನ ಸೂತ್ರದಿಂದಲೇ ಇದನ್ನೂ ತೆಗೆಯಬಹುದು. ಒಂದು ರಾತ್ರಿಯ ಆಟದಲ್ಲಿ ಈ ಒಂದೂವರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾವಿರ ಆಟಕ್ಕೆ 515 ಮತ್ತು 485, ಮೂವತ್ತು ಆಟಗಳ ವ್ಯತ್ಯಾಸ. ಎಲೆ ಹಾಕುವವನು ಸಾವಿರ ಆಟ ಕೂರುತ್ತಾನೆ, ಆಡುವವನು ಕೂರುವುದಿಲ್ಲ.

ಜೂಜಿನ ಮಾತು ಸಾಕು. ಜೂಜಾಡದವರೂ ಸಿಕ್ಕಿಕೊಳ್ಳುವ ಕಡೆಗೆ ಬರೋಣ. ಮಂಗನ ಕಾಯಿಲೆ ನಿಮಗೆ ನಾನು ಪರಿಚಯ ಮಾಡಿಕೊಡಬೇಕಾದದ್ದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗುರುತಿಗೆ ಬಂದ ಕಾಯಿಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರವನ್ನೂ ಬಿಟ್ಟಿಲ್ಲ. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ಸೊಪ್ಪಿಗೆ, ದರಗಿಗೆ, ಸೌದೆಗೆ ಕಾಡು ಹೊಕ್ಕವರಿಗೆ, ಕಾಫಿ ತೋಟದಲ್ಲಿ ದುಡಿಯುವವರಿಗೆ ಉಣುಗು ಕಚ್ಚಿ ಬರುತ್ತದೆ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೆ ಕರ್ನಾಟಕದಲ್ಲಿ ಬಹಳ ವರ್ಷ ಒಂದು ಲಸಿಕೆ ಕೊಡುತ್ತಿದ್ದರು. ‘ಹಾಕಿಸ್ಕೊಂಡೋರಿಗೇ ಬಂತಲ್ಲ ಮಾರಾಯ್ರೆ, ಮತ್ತೆ ಯಾಕೆ ಆ ಸೂಜಿ?’ ಎಂಬ ಮಾತು ಮಲೆನಾಡಿನ ಅಂಗಡಿಕಟ್ಟೆಗಳಲ್ಲಿ ಕೇಳಿದ್ದೇ. ಈ ಮಾತಿನಲ್ಲಿ ಸುಳ್ಳಿಲ್ಲ. ಹಾಕಿಸಿಕೊಂಡವರಿಗೂ ಬಂದದ್ದು ನಿಜ. ಎಡವಿದ್ದು ‘ಮತ್ತೆ ಯಾಕೆ’ ಎಂಬಲ್ಲಿ.

2005ರಿಂದ 2010ರವರೆಗಿನ ಕರ್ನಾಟಕದ ಮಾಹಿತಿ ಹಿಡಿದು ಗುಡದಪ್ಪ ಕಸಬಿ ಮತ್ತು ಅವರ ಜೊತೆಗಾರರು ಒಂದು ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿದರು. ಎರಡು ಡೋಸ್ ತೆಗೆದುಕೊಂಡವರಿಗೆ ಸಿಕ್ಕ ರಕ್ಷಣೆ ನೂರಕ್ಕೆ 62, ಮೇಲೆ ಬೂಸ್ಟರ್ ಕೂಡ ತೆಗೆದುಕೊಂಡವರಿಗೆ 83. ಬಹಳ ಒಳ್ಳೆಯ ಲಸಿಕೆ ಎಂದು ಹೇಳುವಂತಿಲ್ಲ, ತೆಗೆದು ಎಸೆಯುವಂಥದೂ ಅಲ್ಲ. ಈ 62ನ್ನು ಇಟ್ಟುಕೊಂಡು ಒಂದು ಕಲ್ಪನೆಯ ಊರು ಕಟ್ಟೋಣ; ಉಳಿದ ಅಂಕಿಗಳೆಲ್ಲ ಲೆಕ್ಕದ ಅನುಕೂಲಕ್ಕೆ ನಾನು ಇಟ್ಟವು. ಸಾವಿರ ಜನರ ಊರು. ಎಂಟುನೂರು ಜನ ಎರಡು ಡೋಸ್ ಹಾಕಿಸಿಕೊಂಡಿದ್ದಾರೆ, ಇನ್ನೂರು ಜನ ಇಲ್ಲ. ಕೆಟ್ಟ ವರ್ಷ: ಲಸಿಕೆಯಿಲ್ಲದ ನೂರರಲ್ಲಿ ಐದು ಜನರಿಗೆ ಕಾಯಿಲೆ. ಇನ್ನೂರರಲ್ಲಿ ಹತ್ತು ಜನ ಮಲಗಿದರು. ಎಂಟುನೂರರಲ್ಲಿ ಲಸಿಕೆ ಇಲ್ಲದಿದ್ದರೆ ನಲವತ್ತು ಜನ ಮಲಗಬೇಕಿತ್ತು. ಲಸಿಕೆ ಇಪ್ಪತ್ತೈದು ಜನರನ್ನು ಉಳಿಸಿತು, ಹದಿನೈದು ಜನರಿಗೆ ಬಂತು.

ಈಗ ಆಸ್ಪತ್ರೆಯ ವಾರ್ಡಿಗೆ ಹೋಗಿ ನೋಡಿ. ಇಪ್ಪತ್ತೈದು ಹಾಸಿಗೆ. ಅದರಲ್ಲಿ ಹದಿನೈದು ಮಂದಿ ಲಸಿಕೆ ಹಾಕಿಸಿಕೊಂಡವರು, ಹತ್ತು ಮಂದಿ ಹಾಕಿಸಿಕೊಳ್ಳದವರು. ಕಟ್ಟೆಯ ಮೇಲೆ ಕೂತವನು ಹೇಳಿದ್ದು ಕಣ್ಣಾರೆ ಕಂಡ ಸತ್ಯ: ಹೆಚ್ಚಿನವರು ಹಾಕಿಸಿಕೊಂಡವರೇ. ಆದರೆ ಒಂದು ಕಡೆ ಎಂಟುನೂರರಲ್ಲಿ ಹದಿನೈದು, ನೂರಕ್ಕೆ ಎರಡಕ್ಕಿಂತ ಕಡಿಮೆ. ಇನ್ನೊಂದು ಕಡೆ ಇನ್ನೂರರಲ್ಲಿ ಹತ್ತು, ನೂರಕ್ಕೆ ಐದು. ಏನೂ ಆಗದೆ ತೋಟದಲ್ಲಿ ಗೊಬ್ಬರ ಹೊರುತ್ತಿರುವ 785 ಮಂದಿ ವಾರ್ಡಿನಲ್ಲಿ ಕಾಣುವುದಿಲ್ಲ. ಕಾಯಿಲೆ ತಪ್ಪಿಸಿಕೊಂಡ ಆ ಇಪ್ಪತ್ತೈದು ಜನರಂತೂ ತಾವು ತಪ್ಪಿಸಿಕೊಂಡೆವೆಂದು ತಮಗೇ ಗೊತ್ತಿಲ್ಲದೆ ಓಡಾಡುತ್ತಿದ್ದಾರೆ. ಇನ್ನೂ ವಿಚಿತ್ರವೊಂದಿದೆ: ಊರಿನ ಸಾವಿರಕ್ಕೆ ಸಾವಿರ ಜನವೂ ಹಾಕಿಸಿಕೊಂಡಿದ್ದರೆ ಕಾಯಿಲೆ ಬಂದವರೆಲ್ಲ, ನೂರಕ್ಕೆ ನೂರು, ಹಾಕಿಸಿಕೊಂಡವರೇ ಆಗಿರುತ್ತಿದ್ದರು. ಲಸಿಕೆ ಹೆಚ್ಚು ಜನರನ್ನು ತಲುಪಿದಷ್ಟೂ ಅದರ ಮೇಲೆ ಅಪವಾದ ಹೆಚ್ಚು. ಹಳೆಯ ಲಸಿಕೆ ಈಗ ಬಳಕೆಯಲ್ಲಿಲ್ಲ, ಹೊಸದರ ಕೆಲಸ ನಡೆದಿದೆ. ಅದು ಬಂದ ಮೊದಲ ವರ್ಷವೇ ಈ ಅಪವಾದವೂ ಬರುತ್ತದೆ, ಬರೆದಿಟ್ಟುಕೊಳ್ಳಿ.

ಓದಿದವರು ಇದರಲ್ಲಿ ಬೀಳುವುದಿಲ್ಲ ಎಂದು ತಿಳಿಯಬೇಡಿ. 1978ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಅರವತ್ತು ಜನ ವೈದ್ಯರಿಗೆ, ವೈದ್ಯ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕಿದ್ದರು. ಒಂದು ಕಾಯಿಲೆ ಸಾವಿರಕ್ಕೆ ಒಬ್ಬರಿಗೆ ಇದೆ. ಅದರ ಪರೀಕ್ಷೆ ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ ಐದು ಜನರಿಗೆ ‘ಇದೆ’ ಎಂದು ತಪ್ಪಾಗಿ ತೋರಿಸುತ್ತದೆ. ಒಬ್ಬರಿಗೆ ಪಾಸಿಟಿವ್ ಬಂದರೆ ನಿಜವಾಗಿ ಕಾಯಿಲೆ ಇರುವ ಸಂಭವವೆಷ್ಟು? ಎಲ್ಲಕ್ಕಿಂತ ಹೆಚ್ಚು ಜನ ಕೊಟ್ಟ ಉತ್ತರ ನೂರಕ್ಕೆ 95. ಸರಿಯುತ್ತರ ಸುಮಾರು ಎರಡು. ಸಾವಿರ ಜನರಲ್ಲಿ ಕಾಯಿಲೆಯವನು ಒಬ್ಬ, ತಪ್ಪಾಗಿ ಸಿಕ್ಕಿಬೀಳುವವರು ಐವತ್ತು. ಐವತ್ತೊಂದರಲ್ಲಿ ಒಬ್ಬ. ಅರವತ್ತು ಜನರಲ್ಲಿ ಸರಿಯಾಗಿ ಹೇಳಿದವರು ಹನ್ನೊಂದು ಮಂದಿ. ಹಾಗೆಂದು ಜ್ವರ ಬಂದಾಗ ಪರೀಕ್ಷೆ ಬೇಡ ಎಂದು ನಾನು ಹೇಳಿದೆ ಅಂತ ಊರಿಗೆ ಸುದ್ದಿ ಹಬ್ಬಿಸಬೇಡಿ. ಕಾಡಿಗೆ ಹೋಗಿ ಬಂದು, ಉಣುಗು ಕಚ್ಚಿಸಿಕೊಂಡು, ಜ್ವರ ಹತ್ತಿದವನಲ್ಲಿ ಕಾಯಿಲೆ ಇರುವ ಸಂಭವ ಸಾವಿರಕ್ಕೆ ಒಂದು ಅಲ್ಲ, ಬಹಳ ಹೆಚ್ಚು. ಅವನ ಪಾಸಿಟಿವ್‌ಗೆ ಬೇರೆಯೇ ತೂಕ. ಪರೀಕ್ಷೆಯ ಫಲವೊಂದನ್ನೇ ನೋಡಿದರೆ ಸಾಲದು, ಪರೀಕ್ಷೆ ಮಾಡಿಸಿಕೊಂಡವನು ಎಂಥವರ ಗುಂಪಿನಿಂದ ಬಂದವನು ಎಂಬುದೂ ಲೆಕ್ಕಕ್ಕೆ ಬರಬೇಕು. ಗೆರ್ಡ್ ಗಿಗರೆನ್ಜರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ತೋರಿಸಿದ್ದು ಕುತೂಹಲದ ಸಂಗತಿ: ಇಂಥ ಪ್ರಶ್ನೆಯನ್ನು ಶೇಕಡಾವಾರು ಬಿಟ್ಟು ‘ಸಾವಿರ ಜನರಲ್ಲಿ ಇಷ್ಟು ಜನ’ ಎಂದು ತಲೆ ಎಣಿಸಿ ಕೇಳಿದರೆ ವೈದ್ಯರಲ್ಲಿ ಸರಿಯಾಗಿ ಹೇಳುವವರ ಸಂಖ್ಯೆ ಏರುತ್ತದೆ. ನಾನು ಈವರೆಗೆ ಮನೆ, ಜನ, ಹಾಸಿಗೆ ಎಂದು ಎಣಿಸುತ್ತ ಬಂದದ್ದು ಅದಕ್ಕೇ.

ಹಾಗಾದರೆ ಮನುಷ್ಯನ ಊಹೆಯೇ ಕೆಲಸಕ್ಕೆ ಬಾರದ್ದೆ? ಮನಸ್ಸು ಅಂದಾಜಿನಲ್ಲಿ ಎಲ್ಲೆಲ್ಲಿ ಜಾರುತ್ತದೆ ಎಂದು ಡ್ಯಾನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಬರೆದ ಲೇಖನ ಹೆಸರಾಯಿತು. ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರನ್ನು ಓದಿದವರು ಕೆಲವರು ಮನುಷ್ಯನೆಂದರೆ ಲೆಕ್ಕ ತಪ್ಪುವ ಯಂತ್ರ ಎಂಬಂತೆ ಮಾತಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅದಕ್ಕೆ ಸಾಕ್ಷಿ ನಿಮ್ಮ ತೋಟದಲ್ಲೇ ಇದೆ. ಅಡಿಕೆ ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುವವನನ್ನು ನೋಡಿ. ತೋಟದೊಳಗೆ ಒಂದು ಸುತ್ತು ಬರುತ್ತಾನೆ. ತಲೆಯೆತ್ತಿ ಕೊನೆಗಳನ್ನು ನೋಡುತ್ತಾನೆ, ನಡುವೆ ನಿಮ್ಮ ಮನೆಯ ಕಾಫಿ ಕುಡಿಯುತ್ತಾನೆ, ಹೊರಡುವಾಗ ಇಷ್ಟು ಕ್ವಿಂಟಾಲ್ ಎನ್ನುತ್ತಾನೆ. ಪಳಗಿದ ಚೇಣಿಯವನ ಅಂದಾಜು ದೂರ ಹೋಗುವುದಿಲ್ಲ, ಹೋದರೆ ಅವನು ಆ ಕಸುಬಿನಲ್ಲಿ ಉಳಿಯುವುದಿಲ್ಲ.

ಮಹಾಭಾರತದ ನಳೋಪಾಖ್ಯಾನದಲ್ಲಿ ರಾಜ ಋತುಪರ್ಣ ಮಾಡುವುದೂ ಇದನ್ನೇ. ನಮ್ಮಲ್ಲಿ ಕನಕದಾಸರ ‘ನಳಚರಿತ್ರೆ’ಯ ಮೂಲಕ ಮನೆಮಾತಾದ ಕಥೆ ಅದು. ರಥದಲ್ಲಿ ಹೋಗುತ್ತ ಋತುಪರ್ಣ ಒಂದು ತಾರೆ ಮರ ನೋಡಿ, ಅದರ ಎಲೆ ಎಷ್ಟು, ಕಾಯಿ ಎಷ್ಟು ಎಂದು ಹೇಳಿಬಿಡುತ್ತಾನೆ. ಸಾರಥಿ ಬಾಹುಕನ ವೇಷದಲ್ಲಿದ್ದ ನಳ ನಂಬದೆ ರಥ ನಿಲ್ಲಿಸಿ ಎಣಿಸುತ್ತಾನೆ, ಲೆಕ್ಕ ಸರಿಯಾಗಿದೆ. ನನಗೆ ಪಗಡೆಯ ಮರ್ಮವೂ ಗೊತ್ತು, ಎಣಿಕೆಯೂ ಗೊತ್ತು ಎನ್ನುತ್ತಾನೆ ಋತುಪರ್ಣ, ಎರಡನ್ನೂ ಒಂದೇ ಉಸಿರಿಗೆ. ಜೂಜಿನ ಮರ್ಮವನ್ನೂ ಇಡೀ ಮರದ ಫಲವನ್ನು ಅಂದಾಜು ಮಾಡುವುದನ್ನೂ ಹೀಗೆ ಜೊತೆಗಿಟ್ಟದ್ದನ್ನು ಇಯಾನ್ ಹ್ಯಾಕಿಂಗ್ ಎಂಬ ತತ್ವಜ್ಞಾನಿ 1975ರ ತನ್ನ ಪುಸ್ತಕದಲ್ಲಿ ಎತ್ತಿ ತೋರಿಸಿದ. ಇನ್ನೊಂದು ಮಾತು: ಆ ಕಾಲದ ದಾಳಗಳು ತಾರೆಕಾಯಿಗಳೇ. ಋತುಪರ್ಣ ಎಣಿಸಿದ್ದು ಜೂಜಿನ ಮರವನ್ನೇ.

ಕಥೆಯಲ್ಲಿ ನನಗೆ ಹಿಡಿಸುವುದು ಋತುಪರ್ಣನ ಜಾಣತನಕ್ಕಿಂತ ನಳನ ಹಟ. ಹೇಳಿದ್ದನ್ನು ನಂಬಿ ಮುಂದೆ ಹೋಗಬಹುದಿತ್ತು, ಹೊತ್ತೂ ಮೀರುತ್ತಿತ್ತು. ಆದರೆ ಇಳಿದು ಎಣಿಸಿದ. ಚೇಣಿಯವನಿಗೂ ಪ್ರತಿ ವರ್ಷ ಹಾಗೆ ಎಣಿಸಿ ತೋರಿಸುವವರಿದ್ದಾರೆ: ಕೊಯ್ಲು ಮುಗಿದ ಮೇಲಿನ ತಕ್ಕಡಿ. ಅವನು ಹೇಳಿದ್ದೆಷ್ಟು, ಬಂದದ್ದೆಷ್ಟು ಎಂಬುದು ಅದೇ ಹಂಗಾಮಿನಲ್ಲಿ ಗೊತ್ತಾಗುತ್ತದೆ, ಗೊತ್ತಾಗುವುದು ಅವನದೇ ಹಣದಲ್ಲಿ. ಇಂಥ ಕಡೆ ಊಹೆ ಹದಗೊಳ್ಳುತ್ತದೆ ಎಂದು ಕಾನೆಮನ್ ಅವರೇ, ಗ್ಯಾರಿ ಕ್ಲೈನ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರ ಜೊತೆ ಸೇರಿ, 2009ರಲ್ಲಿ ಒಪ್ಪಿಕೊಂಡರು. ಏಕನಕ್ಷತ್ರಕ್ಕೆ ಹೆದರಿದವನಿಗೆ ಅಂಥ ತಕ್ಕಡಿ ಇಲ್ಲ. ಪಕ್ಕದ ನೂರು ಮನೆಗಳ ಜಾತಕ ಅವನ ಕೈಗೆ ಬರುವುದಿಲ್ಲ. ಜೂಜಿನವನಿಗೆ ಇದೆ, ಆದರೆ ಅದು ಹೇಳುವಷ್ಟರಲ್ಲಿ ಜೇಬು ಖಾಲಿ. ಲಸಿಕೆಯ ಮಾತು ಆಡಿದವನ ಕಣ್ಣಿಗೆ ವಾರ್ಡು ಕಾಣುತ್ತದೆ, ತೋಟ ಕಾಣುವುದಿಲ್ಲ.

ಆದರೆ ಆ ತೋಟವೂ ಕಾಣುವಂತೆ ಮಾಡುವುದು ಕಷ್ಟದ ಕೆಲಸವಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಹಂಚುತ್ತಾರೆ, ಜ್ವರ ಬಂದವರ ಹೆಸರು ಬರೆದುಕೊಳ್ಳುತ್ತಾರೆ. ಹೊಸ ಲಸಿಕೆ ಬಂದಾಗ ಹಾಕಿಸಿಕೊಂಡವರ ಪಟ್ಟಿಯೂ ಅವರ ಬಳಿ ಇರುತ್ತದೆ. ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ‘ಲಸಿಕೆ ಹಾಕಿಸಿಕೊಳ್ಳಿ’ ಎಂದು ಬರೆಸುವುದರ ಜೊತೆಗೆ ಆ ವರ್ಷದ ನಾಲ್ಕು ಅಂಕಿ ಬರೆಸಲಿ: ಹಾಕಿಸಿಕೊಂಡವರು ಎಷ್ಟು, ಅವರಲ್ಲಿ ಕಾಯಿಲೆ ಬಂದವರು ಎಷ್ಟು, ಹಾಕಿಸಿಕೊಳ್ಳದವರು ಎಷ್ಟು, ಅವರಲ್ಲಿ ಬಂದವರು ಎಷ್ಟು. ಹೆಸರು ಬೇಡ, ಮನೆ ನಂಬರು ಬೇಡ, ನಾಲ್ಕೇ ಅಂಕಿ. ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಓದಿದರೆ ಅರ್ಧ ನಿಮಿಷ. ಆ ಅಂಕಿಗಳು ಲಸಿಕೆಯ ಪರವಾಗಿಯೇ ಇರುತ್ತವೆಂದು ನಾನು ಮಾತು ಕೊಡುವುದಿಲ್ಲ. ಲಸಿಕೆ ಸತ್ವವಿಲ್ಲದ್ದಾದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಭಾಗಾಕಾರ ಮಾಡಲು ಊರಿನಲ್ಲಿ ಜನ ಇದ್ದೇ ಇದ್ದಾರೆ, ಮೊದಲ ಸಾಲಿನಲ್ಲಿ ಕೂತ ಏಳನೇ ಕ್ಲಾಸಿನವರೇ ಸಾಕು.